ಅರ್ಧ ಲಂಚ ಕೊಟ್ಟಾಗಿದೆ, ಈಗ ದೂರು ಕೊಡಬಹುದಾ?

ಪ್ರಶ್ನೆ: ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಊರಿನಲ್ಲಿರುವ 2 ಎಕರೆ 10 ಗುಂಟೆ ಜಮೀನು ಇನ್ನೂ ಅವರ ಹೆಸರಿನಲ್ಲೇ ಇದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಪೌತಿ ಖಾತೆಗಾಗಿ ಪ್ರತಿ ಸಲ ರಜೆ ಹಾಕಿ ಊರಿಗೆ ಓಡಬೇಕು. ಗ್ರಾಮ ಆಡಳಿತ ಅಧಿಕಾರಿ ಬಾಯಿಬಿಟ್ಟು ಏನೂ ಕೇಳಲಿಲ್ಲ. 'ಎದುರುಗಡೆ ಜೆರಾಕ್ಸ್ ಅಂಗಡಿಯವರ ಹತ್ತಿರ ಮಾತಾಡಿ' ಅಂದರು, ಅಷ್ಟೇ. ಅಂಗಡಿಯವನು 25 ಸಾವಿರ ಅಂದ. ಮೂರು ವಾರದ ಹಿಂದೆ ಅವನ ನಂಬರಿಗೆ 10 ಸಾವಿರ ಫೋನ್‌ಪೇ ಮಾಡಿದೆ. ಉಳಿದ 15 ಸಾವಿರ ಬರುವ ತನಕ ಫೈಲ್ ಮುಂದಕ್ಕೆ ಹೋಗಲ್ಲ ಅಂತಾನೆ. ಪೂರ್ತಿ ಕೊಟ್ಟರೆ ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಟ್ಟು ಸಲೀಸಾಗಿ ಮಾಡಿಸಿಕೊಡ್ತೀನಿ ಅಂತಲೂ ಹೇಳಿದ್ದಾನೆ. ಅಫಿಡವಿಟ್‌ಗೆ ಇನ್ನೂ ಸಹಿ ಹಾಕಿಲ್ಲ. ದೂರು ಕೊಟ್ಟರೆ ಲಂಚ ಕೊಟ್ಟವನು ಅಂತ ನನ್ನನ್ನೇ ಒಳಗೆ ಹಾಕುತ್ತಾರೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜವಾ? ದೂರು ಕೊಟ್ಟರೆ ನನ್ನ ಕೆಲಸ ಶಾಶ್ವತವಾಗಿ ನಿಂತುಹೋಗುತ್ತಾ? ಕೊಟ್ಟ 10 ಸಾವಿರ ವಾಪಸ್ ಕೇಳಬಹುದಾ? ನಾನು ಯಾರಿಗೂ ಮೋಸ ಮಾಡಿದವನಲ್ಲ. ಇಷ್ಟರಲ್ಲೇ ನಾನೂ ಅಪ್ರಾಮಾಣಿಕನಾಗಿಬಿಟ್ಟೆನಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. (ಹೆಸರು ಬೇಡ)

ಉತ್ತರ: ದೂರು ಕೊಡಬಹುದು. ಅರ್ಧ ದುಡ್ಡು ಕೊಟ್ಟಿದ್ದೀರಿ ಅನ್ನುವ ಕಾರಣಕ್ಕೆ ಲೋಕಾಯುಕ್ತ ಪೊಲೀಸರು ನಿಮ್ಮನ್ನು ಬಾಗಿಲಲ್ಲೇ ಹಿಡಿದು ಕೂರಿಸುವುದಿಲ್ಲ. ಹಾಗಂತ 'ಏನೂ ಆಗಲ್ಲ, ಧೈರ್ಯವಾಗಿ ಹೋಗಿ' ಅಂತ ಬೆನ್ನು ತಟ್ಟಿ ಕಳಿಸುವುದಕ್ಕೂ ನಾನು ತಯಾರಿಲ್ಲ. ನಿಮ್ಮ ಪತ್ರದ ನಡುವೆ ಅಕ್ಕನ ಹೆಸರಿನ ಬಗ್ಗೆ ಒಂದು ಸಾಲು ಇದೆ. ಅದನ್ನು ಸಣ್ಣ ವಿಷಯದ ಥರ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡಿದ್ದು ಅದೇ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಲಂಚದ ಕೇಸುಗಳನ್ನು ನಾನು ಎರಡೂ ಕಡೆಯಿಂದ ನಡೆಸಿದ್ದೇನೆ. ಕೆಲವು ವರ್ಷ ಸರ್ಕಾರದ ಪರ, ಆಮೇಲೆ ಆರೋಪಿಗಳ ಪರ. ಹಾಗಾಗಿ ಕಟಕಟೆಯಲ್ಲಿ ದೂರುದಾರ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತಾನೆ, ಎಲ್ಲಿ ಕುಸಿಯುತ್ತಾನೆ ಅನ್ನುವುದು ಸ್ವಲ್ಪ ಗೊತ್ತು.

ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಭ್ರಷ್ಟಾಚಾರ ತಡೆ ಕಾಯ್ದೆ ಬಂದಿದ್ದು 1988ರಲ್ಲಿ. ಆಗಲೂ ಲಂಚ ಕೊಡುವವನನ್ನು ಕುಮ್ಮಕ್ಕಿನ ಹೆಸರಿನಲ್ಲಿ ಹಿಡಿಯಬಹುದಿತ್ತು, ಆದರೆ ಕೋರ್ಟಿನಲ್ಲಿ ಅವನು 'ಹೌದು, ಕೊಟ್ಟೆ' ಅಂತ ಹೇಳಿದ ಮಾತಿಗೆ ಒಂದು ರಕ್ಷಣೆ ಇತ್ತು. 2018ರ ಜುಲೈ 26ರಿಂದ ಜಾರಿಯಾದ ತಿದ್ದುಪಡಿ ಆ ರಕ್ಷಣೆಯನ್ನು ತೆಗೆದುಹಾಕಿತು. ಈಗ 8ನೇ ಕಲಂ ಪ್ರಕಾರ ಲಂಚ ಕೊಡುವುದೇ ಒಂದು ನೇರ ಅಪರಾಧ. 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತೆಗೆದುಕೊಳ್ಳುವ ನೌಕರನಿಗೆ 7ನೇ ಕಲಂನಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7.

ಸ್ನೇಹಿತರು ಹೇಳದೆ ಬಿಟ್ಟ ಅರ್ಧ ಅದೇ 8ನೇ ಕಲಂನ ಒಳಗಿದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವನಿಗೆ ಇದು ಅನ್ವಯಿಸುವುದಿಲ್ಲ. ಷರತ್ತು ಒಂದೇ: ಕೊಟ್ಟ ದಿನದಿಂದ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಇನ್ನೊಂದು ವಿನಾಯಿತಿಯೂ ಇದೆ. ಮೊದಲೇ ಪೊಲೀಸರಿಗೆ ತಿಳಿಸಿ, ತನಿಖೆಗೆ ನೆರವಾಗಲೆಂದು ದುಡ್ಡು ಕೊಟ್ಟರೆ ಅದು ಅಪರಾಧವೇ ಅಲ್ಲ. ಟ್ರ್ಯಾಪ್ ಎಂದು ನೀವು ಪೇಪರಿನಲ್ಲಿ ಓದುವ ದಾಳಿಗಳೆಲ್ಲ ನಡೆಯುವುದು ಈ ಎರಡನೆಯದರ ಬಲದ ಮೇಲೆ.

ನಿಮ್ಮ ಲೆಕ್ಕ ಈಗ ಹೀಗಿದೆ. ಕೊಟ್ಟ 10 ಸಾವಿರಕ್ಕೆ 7 ದಿನದ ಗಡುವು ದಾಟಿದೆ. ಕೊಡಬೇಕಾದ 15 ಸಾವಿರಕ್ಕೆ ಇನ್ನೂ ಏನೂ ಆಗಿಲ್ಲ. ಇವತ್ತೇ ಹೋಗಿ ಹೇಳಿದರೆ ಎರಡನೇ ಕಂತಿನ ವಿಷಯದಲ್ಲಿ ನೀವು ಪೂರ್ತಿ ಸುರಕ್ಷಿತ. ಮೊದಲ ಕಂತಿನ ವಿಷಯದಲ್ಲಿ ಒಂದು ಸಣ್ಣ ಅಪಾಯ ಉಳಿಯುತ್ತದೆ. ಅದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ರೂಢಿಯಲ್ಲಿ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ನಾನು ನೋಡಿದ ಟ್ರ್ಯಾಪ್ ಕೇಸುಗಳಲ್ಲಿ ದೂರುದಾರ ಮೊದಲೊಂದು ಕಂತು ಕೊಟ್ಟು, ಎರಡನೆಯದಕ್ಕೆ ಬೇಸತ್ತು ಬಂದಿರುವುದು ತೀರಾ ಸಾಮಾನ್ಯ. ಅಂಥವರು ಕೇಸಿನಲ್ಲಿ ಸಾಕ್ಷಿಗಳಾಗಿಯೇ ಇದ್ದರು, ಆರೋಪಿಗಳಾಗಲಿಲ್ಲ. ತಾನಾಗಿ ಬಂದು ಎಲ್ಲವನ್ನೂ ಹೇಳಿದವನನ್ನು ಆರೋಪಿ ಮಾಡಿದರೆ ನಾಳೆ ಯಾರೂ ಠಾಣೆ ಮೆಟ್ಟಿಲು ಹತ್ತುವುದಿಲ್ಲ ಅನ್ನುವುದು ಪೊಲೀಸರಿಗೂ ಗೊತ್ತು.

ಕೆಡುವುದು ಎಲ್ಲಿ ಅಂದರೆ ಮುಚ್ಚಿಟ್ಟಾಗ. 'ಮೊದಲು ಏನೂ ಕೊಟ್ಟಿರಲಿಲ್ಲ' ಅಂತ ದೂರಿನಲ್ಲಿ ಬರೆಸಿರುತ್ತಾರೆ. ಎರಡು ಮೂರು ವರ್ಷ ಕಳೆದು ಪಾಟೀಸವಾಲಿನ ದಿನ ಆರೋಪಿಯ ವಕೀಲ ಫೋನ್‌ಪೇ ಸ್ಟೇಟ್‌ಮೆಂಟ್ ಎತ್ತಿ ತೋರಿಸುತ್ತಾನೆ. ಆ ಕೆಲಸ ನಾನೂ ಮಾಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಆ ಒಂದು ಸುಳ್ಳು ಸಿಕ್ಕಿದ ಮೇಲೆ ದೂರುದಾರನ ಉಳಿದ ಎಲ್ಲ ಸತ್ಯವೂ ಅನುಮಾನಕ್ಕೆ ಬೀಳುತ್ತದೆ. ಹಾಗಾಗಿ 10 ಸಾವಿರ, ಯಾವ ದಿನ, ಯಾವ ನಂಬರಿಗೆ, ಯಾರು ಹೇಳಿದ್ದಕ್ಕೆ ಎನ್ನುವುದೆಲ್ಲ ದೂರಿನ ಮೊದಲ ಪುಟದಲ್ಲೇ ಇರಲಿ. ನೀವು ದುಡ್ಡನ್ನು ಕೈಗೆ ಕೊಡದೆ ಫೋನ್‌ಪೇ ಮಾಡಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ದಾಖಲೆ ತಾನಾಗಿಯೇ ಉಳಿದಿದೆ.

ಈಗ ಅಕ್ಕನ ವಿಷಯ.

8ನೇ ಕಲಂನ ವಿನಾಯಿತಿ ಇರುವುದು ಬಲವಂತಕ್ಕೆ ಸಿಕ್ಕವನಿಗೆ. ನಿಮ್ಮ ಹಕ್ಕಿನ ಕೆಲಸ, ಕಾನೂನು ಪ್ರಕಾರ ಆಗಲೇಬೇಕಾದ ಕೆಲಸ, ಅದನ್ನು ತಡೆದು ನಿಲ್ಲಿಸಿ ದುಡ್ಡು ಕೇಳಿದರೆ ಅದು ಬಲವಂತ. ಆಗಬಾರದ ಕೆಲಸವನ್ನು ಮಾಡಿಸಿಕೊಳ್ಳಲು ನೀವು ದುಡ್ಡು ಕೊಟ್ಟರೆ ಅದು ಬಲವಂತ ಅಲ್ಲ, ವ್ಯಾಪಾರ. ಅಲ್ಲಿ ನೀವೂ ಅಧಿಕಾರಿಯೂ ಒಂದೇ ಕಡೆ ನಿಂತಿರುತ್ತೀರಿ. ಅನ್ಯಾಯ ಆಗುವುದು ಅಲ್ಲಿಲ್ಲದ ಮೂರನೆಯವರಿಗೆ, ಇಲ್ಲಿ ನಿಮ್ಮ ಅಕ್ಕನಿಗೆ. ಅಂಗಡಿಯವನು ಆ ಮಾತನ್ನು ಸುಮ್ನೆ ಹೇಳಿದ್ದಲ್ಲ. ಅವನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನೀವು ಒಮ್ಮೆ ಸುಳ್ಳು ಅಫಿಡವಿಟ್‌ಗೆ ಸಹಿ ಹಾಕಿಬಿಟ್ಟರೆ ಆಮೇಲೆ ಜನ್ಮದಲ್ಲಿ ದೂರು ಕೊಡುವುದಿಲ್ಲ ಅನ್ನುವುದು ಅವನಿಗೆ ಖಾತರಿ. ಆ 'ಉಪಕಾರ' ನಿಮ್ಮ ಬಾಯಿಗೆ ಹಾಕುವ ಬೀಗ.

ಅದೂ ಅಲ್ಲದೆ ಆ ದುಡ್ಡಿಗೆ ನಿಮಗೆ ಸಿಗುವುದಾದರೂ ಏನು? ಬಹಳ ಜನ ಪಹಣಿಯಲ್ಲಿ ಹೆಸರು ಬಂದರೆ ಜಮೀನು ನಮ್ಮದಾಯಿತು ಅಂದುಕೊಂಡಿದ್ದಾರೆ. ಪಹಣಿ ಕಂದಾಯದ ದಾಖಲೆ, ಮಾಲೀಕತ್ವದ ಪತ್ರ ಅಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯಲ್ಲಿರುವುದು ಸರಿ ಎಂದು ಸದ್ಯಕ್ಕೆ ಊಹಿಸಿಕೊಳ್ಳುತ್ತದೆ, ಬೇರೆ ಸಾಬೀತಾಗುವ ತನಕ ಮಾತ್ರ. ಅಪ್ಪನ ಸ್ವಂತ ದುಡಿಮೆಯ ಜಮೀನಾದರೆ, ಅವರು ವಿಲ್ ಬರೆದಿಡದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಮಗಳು ಮಗನಷ್ಟೇ ಹಕ್ಕುದಾರಳು. ಪಿತ್ರಾರ್ಜಿತವಾದರೆ, ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನೂ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದಿತು. ಅಕ್ಕ ನಾಳೆ ವಿಭಾಗದ ದಾವೆ ಹಾಕಿದರೆ ನಿಮ್ಮ 25 ಸಾವಿರದ ಪಹಣಿ ಅವಳ ಪಾಲನ್ನು ತಡೆಯುವುದಿಲ್ಲ. ಸುಳ್ಳು ಪ್ರಮಾಣಪತ್ರ ಮಾಡಿದ ತಪ್ಪು ಮಾತ್ರ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ.

'ಅಕ್ಕನೇ ನನಗೇನೂ ಬೇಡ ಅಂದಿದ್ದಾಳೆ' ಅಂತ ನೀವು ಹೇಳಬಹುದು. ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರು ನಿಜವಾಗಿಯೂ ಹಾಗೆ ಹೇಳುತ್ತಾರೆ. ಆಗಲೂ ದಾರಿ ಬೇರೆ ಇದೆ. ವಂಶವೃಕ್ಷದಲ್ಲಿ ಅವರ ಹೆಸರು ಇರಲೇಬೇಕು, ಅವರು ಅಪ್ಪನ ಮಗಳು ಅನ್ನುವುದು ಬದಲಾಗುವುದಿಲ್ಲವಲ್ಲ. ಪಾಲು ಬೇಡ ಅಂದರೆ ಅವರೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲಿ. ಕುಟುಂಬದೊಳಗಿನ ಬಿಡುಗಡೆಗೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಇರುವುದಿಲ್ಲ. ಅಥವಾ ಈಗ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪೌತಿ ಖಾತೆ ಮಾಡಿಸಿ, ಮುಂದೆ ನಿಧಾನಕ್ಕೆ ಪಾಲುಪಟ್ಟಿ ಮಾಡಿಕೊಳ್ಳಿ. ಅಮ್ಮ ಇದ್ದರೆ ಅವರ ಹೆಸರನ್ನೂ ಮರೆಯಬೇಡಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ.

ನೀವು ಕೇಳಿದ ಕೊನೆಯ ಪ್ರಶ್ನೆಗೆ ಇಲ್ಲೇ ಉತ್ತರ ಕೊಡುತ್ತೇನೆ. ರಜೆ ಇಲ್ಲದೆ, ಓಡಾಡಿ ಸುಸ್ತಾಗಿ, ಬೇರೆ ದಾರಿ ಕಾಣದೆ 10 ಸಾವಿರ ಕೊಟ್ಟವರನ್ನು ನಾನು ಅಪ್ರಾಮಾಣಿಕರು ಅನ್ನುವುದಿಲ್ಲ. ಕಾನೂನು ಪೂರ್ತಿ ಒಪ್ಪದಿರಬಹುದು, ಇದು ನನ್ನ ಮಾತು. ಆ ಅಫಿಡವಿಟ್‌ಗೆ ಸಹಿ ಹಾಕಿದ್ದರೆ ಮಾತ್ರ ನನ್ನ ಉತ್ತರ ಬೇರೆ ಇರುತ್ತಿತ್ತು. ನೀವು ಹಾಕಿಲ್ಲ. ನಿದ್ದೆ ಬಾರದೆ ಇದ್ದದ್ದು ಒಳ್ಳೆಯದಕ್ಕೇ ಇರಬೇಕು.

ಇನ್ನು ಮುಂದೇನು ಮಾಡಬಹುದು ನೋಡೋಣ. ಯಾವ ದಾರಿ ಹಿಡಿದರೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮ ಅರ್ಜಿ ನಿಜವಾಗಿಯೂ ಸಲ್ಲಿಕೆಯಾಗಿದೆಯಾ? 'ಫೈಲ್ ಮುಂದಕ್ಕೆ ಹೋಗಲ್ಲ' ಅಂತ ಅವನು ಹೇಳಿದ, ಸರಿ. ಫೈಲ್ ಇದೆ ಅಂತ ಹೇಳಿದವರು ಯಾರು? ಮಧ್ಯವರ್ತಿಗಳ ಹತ್ತಿರ ಕಾಗದ ಕೊಟ್ಟವರಲ್ಲಿ ಕೆಲವರ ಅರ್ಜಿ ಅಂಗಡಿಯ ಡ್ರಾಯರ್ ಬಿಟ್ಟು ಹೊರಗೇ ಬಂದಿರುವುದಿಲ್ಲ. ನಿಮ್ಮ ಹತ್ತಿರ ಸ್ವೀಕೃತಿ ಚೀಟಿ ಇದೆಯಾ ನೋಡಿ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಯೋಜನೆಯಡಿ ಸಲ್ಲಿಸಿದ ಅರ್ಜಿಗೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಬರುತ್ತದೆ. ಅದು ಇಲ್ಲದಿದ್ದರೆ ಕಾಗದಪತ್ರ ವಾಪಸ್ ತೆಗೆದುಕೊಂಡು, ಮರಣ ಪ್ರಮಾಣಪತ್ರ, ಎಲ್ಲರ ಹೆಸರಿರುವ ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್ ಪ್ರತಿ ಸೇರಿಸಿ ನೀವೇ ಅರ್ಜಿ ಹಾಕಿ, ಚೀಟಿ ತೆಗೆದುಕೊಳ್ಳಿ.

ಇನ್ನೊಂದು ಸಾಧ್ಯತೆ. ಅಧಿಕಾರಿ ಅಂದಿದ್ದು 'ಎದುರುಗಡೆ ಮಾತಾಡಿ' ಅಂತ ಮಾತ್ರ. ಅರ್ಜಿ ತುಂಬಿಸಿಕೊಳ್ಳಿ ಅನ್ನುವುದಕ್ಕೂ ಹಾಗೇ ಹೇಳುತ್ತಾರೆ. ಅಧಿಕಾರಿಯ ಹೆಸರು ಹೇಳಿಕೊಂಡು, ಅವರಿಗೆ ಗೊತ್ತೇ ಇಲ್ಲದ ಹಾಗೆ ದುಡ್ಡು ಎತ್ತುವವರೂ ಇದ್ದಾರೆ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ಅಧಿಕಾರಿಗಳು ಅವರಿಗಿಂತ ಜಾಸ್ತಿ, ಆ ಮಾತು ಬೇರೆ. ಸಾರ್ವಜನಿಕ ನೌಕರನ ಮೇಲೆ ಪ್ರಭಾವ ಬೀರುತ್ತೇನೆ ಅಂತ ದುಡ್ಡು ಪಡೆಯುವ ಮಧ್ಯವರ್ತಿಗೂ 7ಎ ಕಲಂನಲ್ಲಿ 3ರಿಂದ 7 ವರ್ಷ ಶಿಕ್ಷೆ ಇದೆ. ಆದರೆ ಯಾರು ಕೇಳಿದರು ಅನ್ನುವುದನ್ನು ನೀವು ಊಹೆ ಮಾಡಿ ದೂರಿನಲ್ಲಿ ಬರೆಯಬೇಡಿ. ನಡೆದದ್ದನ್ನು ನಡೆದ ಹಾಗೆ, ಆಡಿದ ಮಾತನ್ನು ಆಡಿದ ಹಾಗೆ ಬರೆಯಿರಿ. ಮುಂದಿನದನ್ನು ಪತ್ತೆ ಮಾಡುವುದು ಪೊಲೀಸರ ಕೆಲಸ.

ಮೊದಲ ದಾರಿ, ಉಳಿದ 15 ಸಾವಿರ ಕೊಟ್ಟು ಮುಗಿಸುವುದು. ಹತ್ತರಲ್ಲಿ ಎಂಟು ಜನ ನಿಮಗೆ ಹೇಳುವುದು ಇದನ್ನೇ ಇರಬೇಕು. ಕೆಲಸ ಆಗಲೂಬಹುದು. ಆದರೆ ಈಗ ನಿಮಗೆ ಕಾನೂನು ಗೊತ್ತಿದೆ, ದೂರು ಕೊಡಲು ದಾರಿ ಇದೆ ಅಂತಲೂ ಗೊತ್ತಿದೆ. ಅದೆಲ್ಲ ಗೊತ್ತಿದ್ದೂ ಕೊಟ್ಟು, ಯಾರಿಗೂ ತಿಳಿಸದೆ ಇದ್ದರೆ 'ಬಲವಂತ' ಅನ್ನುವ ಮಾತು ತೆಳ್ಳಗಾಗುತ್ತದೆ. ಜೊತೆಗೆ, 25ಕ್ಕೆ ಮುಗಿಯುತ್ತದೆ ಅನ್ನುವುದಕ್ಕೆ ರಸೀದಿ ಇಲ್ಲ.

ಎರಡನೆಯದು, ದೂರು ಇಲ್ಲದೆ ಕಾಗದದ ಮೇಲೆ ಒತ್ತಡ ತರುವುದು. ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ 2011ರದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. 500 ರೂಪಾಯಿ ಕೇಳಿ ನಗು ಬರಬಹುದು. ಅದರ ಬೆಲೆ ದುಡ್ಡಿನಲ್ಲಿಲ್ಲ. ಮೇಲ್ಮನವಿ ಹಾಕಿದರೆ ತಡ ಮಾಡಿದ ಅಧಿಕಾರಿಯ ಹೆಸರು ಮೇಲಿನವರ ಮುಂದೆ ದಾಖಲಾಗುತ್ತದೆ, ಅದಕ್ಕೆ ಅವರು ಹೆದರುತ್ತಾರೆ. ಇದರ ಜೊತೆಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಯಾವ ದಿನದಿಂದ ಇದೆ, ಯಾವ ಕಾರಣಕ್ಕೆ ತಡೆದಿದ್ದೀರಿ ಅಂತ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಂತ ನಿಯಮ ಇದೆ, ಅದಕ್ಕೇ ಉದ್ದ ಬರೆಯಬೇಡಿ. ಆದೇಶವೇ ನಿಮ್ಮ ವಿರುದ್ಧ ಬಂದರೆ ಭೂಕಂದಾಯ ಕಾಯ್ದೆಯ 136(2)ರಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ. ಈ ದಾರಿಯ ತೊಂದರೆ ಏನೆಂದರೆ, ಸಿಟ್ಟಾದವರು ಏನಾದರೂ ಆಕ್ಷೇಪಣೆ ಹುಟ್ಟಿಸಿ ತಕರಾರು ಪ್ರಕರಣ ಮಾಡಿಬಿಡಬಹುದು. ಅಕ್ಕನ ಹೆಸರು ಬಿಟ್ಟಿದ್ದರೆ ಅವರಿಗೆ ಆ ನೆಪ ನೀವೇ ಕೈಗೆ ಕೊಟ್ಟ ಹಾಗೆ. ಎಲ್ಲರ ಹೆಸರೂ ಇದ್ದರೆ ತಡೆಯಲು ಕಾರಣವೇ ಉಳಿಯುವುದಿಲ್ಲ.

ಮೂರನೆಯದು ಲೋಕಾಯುಕ್ತ. 2016ರಲ್ಲಿ ಲಂಚದ ಕೇಸುಗಳ ತನಿಖೆಯನ್ನು ಎಸಿಬಿಗೆ, ಅಂದರೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ಜಿಲ್ಲಾ ಕೇಂದ್ರದಲ್ಲಿ ಅವರ ಠಾಣೆ ಇರುತ್ತದೆ. ಲೋಕಾಯುಕ್ತ ಸಂಸ್ಥೆಗೆ ನಮೂನೆ ತುಂಬಿ ಅಫಿಡವಿಟ್ ಜೊತೆ ಕಳಿಸುವ ದೂರು ಬೇರೆ, ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ ಕೊಡುವ ದೂರು ಬೇರೆ. ಮೊದಲನೆಯದು ಇಲಾಖಾ ವಿಚಾರಣೆಯ ಕಡೆಗೆ ಹೋಗುತ್ತದೆ, ನಿಧಾನ. ದುಡ್ಡಿನ ಬೇಡಿಕೆ ಬಾಕಿ ಇರುವಾಗ ಹೋಗಬೇಕಾದದ್ದು ಎರಡನೆಯದಕ್ಕೆ.

ಟ್ರ್ಯಾಪ್ ಅಂದರೆ ಪೊಲೀಸರು ಜೇಬಿಗೆ ದುಡ್ಡು ತುರುಕಿ ಹಿಡಿಯುವ ನಾಟಕ ಅಂತ ಕೆಲವರು ತಿಳಿದಿದ್ದಾರೆ. ಒಳಗೆ ಏನು ನಡೆಯುತ್ತದೆ ಹೇಳುತ್ತೇನೆ, ನೀವೇ ತೀರ್ಮಾನಿಸಿ. ಮೊದಲು ಬೇಡಿಕೆ ನಿಜವಾ ಅಂತ ನೋಡುತ್ತಾರೆ. ನಿಮ್ಮ ಕೈಗೆ ಒಂದು ಸಣ್ಣ ವಾಯ್ಸ್ ರೆಕಾರ್ಡರ್ ಕೊಟ್ಟು ಹೋಗಿ ಮಾತಾಡಿ ಬನ್ನಿ ಅನ್ನುತ್ತಾರೆ. ಆ ಮಾತಿನಲ್ಲಿ ಬೇಡಿಕೆ ಕೇಳಿಸಿದ ಮೇಲೆಯೇ ಮುಂದಿನದು. ನಿಮ್ಮ ಥರ ನಡುವೆ ಅಂಗಡಿಯವನಿದ್ದರೆ ಈ ಘಟ್ಟವೇ ಮುಖ್ಯ. ಅಧಿಕಾರಿ 'ಅವನ ಹತ್ತಿರ ಕೊಟ್ಟುಬಿಡಿ' ಅಂತ ಒಂದು ಮಾತು ಹೇಳಿದರೂ ಕೊಂಡಿ ಸೇರಿತು. ಮೂರನೆಯವರ ಮೂಲಕ ಪಡೆದರೂ 7ನೇ ಕಲಂ ಬಿಡುವುದಿಲ್ಲ.

ಆಮೇಲೆ ಠಾಣೆಯಲ್ಲಿ ಮೇಜಿನ ಮೇಲೆ ನೋಟುಗಳನ್ನು ಹರಡಿ ಒಂದೊಂದರ ನಂಬರನ್ನೂ ಬರೆದುಕೊಳ್ಳುತ್ತಾರೆ. ಬೇರೆ ಇಲಾಖೆಯ ಇಬ್ಬರು ಸರ್ಕಾರಿ ನೌಕರರನ್ನು ಪಂಚರಾಗಿ, ಅಂದರೆ ನಡೆಯುವುದಕ್ಕೆಲ್ಲ ಸಾಕ್ಷಿಗಳಾಗಿ ಕರೆಸಿರುತ್ತಾರೆ. ನೋಟಿಗೆ ಫಿನಾಫ್ತಲೀನ್ ಅನ್ನುವ ಬಿಳಿ ಪುಡಿ ಸವರುತ್ತಾರೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪುಡಿ ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿ, ನೀರು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಅಲ್ಲೇ ತೋರಿಸಿ ಮಹಜರು ಬರೆಯುತ್ತಾರೆ. ನಿಮಗೆ ಸ್ಪಷ್ಟವಾಗಿ ಹೇಳುವ ಮಾತು ಒಂದು: ಅವರಾಗಿ ಕೇಳದ ಹೊರತು ದುಡ್ಡು ತೆಗೆಯಬೇಡಿ. ಪಂಚರಲ್ಲಿ ಒಬ್ಬರು ನಿಮ್ಮ ಸಂಬಂಧಿಕರ ಥರ ಜೊತೆಗೆ ಬಂದು ಮಾತು ಕೇಳಿಸಿಕೊಳ್ಳುತ್ತಾರೆ. ಕೊಟ್ಟ ಮೇಲೆ ನೀವು ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುವುದೋ, ಮಿಸ್ಡ್ ಕಾಲ್ ಕೊಡುವುದೋ ಮಾಡಬೇಕು. ತಂಡ ಒಳಗೆ ಬರುತ್ತದೆ. ಕೈ ತೊಳೆಸುತ್ತಾರೆ. ಗುಲಾಬಿ ನೀರನ್ನು ಬಾಟಲಿಗೆ ತುಂಬಿ, ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಿಮ್ಮ ಫೈಲನ್ನೂ ವಶಕ್ಕೆ ಪಡೆಯುತ್ತಾರೆ, ಯಾಕೆಂದರೆ ಕೆಲಸ ಅವರ ಕೈಯಲ್ಲಿ ಬಾಕಿ ಇತ್ತು ಅನ್ನುವುದು ಕೇಸಿನ ಒಂದು ಕಾಲು. ಸ್ವೀಕೃತಿ ಚೀಟಿ ಅಂತ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೂ ಸೇರಿಯೇ.

ಬಣ್ಣ ಬಂದ ಮಾತ್ರಕ್ಕೆ ಶಿಕ್ಷೆ ಆಗುವುದಿಲ್ಲ. ದುಡ್ಡು ಸಿಕ್ಕಿದ್ದು ಸಾಲದು, ಬೇಡಿಕೆ ಇತ್ತು, ತಿಳಿದು ತೆಗೆದುಕೊಂಡರು ಅನ್ನುವುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಿಂದೆ ಆರೋಪಿಗಳು ಬಿಡುಗಡೆಯಾಗಲು ಸುಲಭದ ದಾರಿ ಅಂದರೆ ದೂರುದಾರನನ್ನೇ ತಿರುಗಿಸಿಬಿಡುವುದು. 2022ರ ಡಿಸೆಂಬರ್ 15ರಂದು ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ಆ ದಾರಿಯನ್ನು ಕಿರಿದು ಮಾಡಿತು. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ದೂರುದಾರ ತೀರಿಕೊಂಡರೂ, ಉಲ್ಟಾ ಹೊಡೆದರೂ, ಬೇರೆ ಸಾಕ್ಷಿಗಳಿಂದ, ಸಂದರ್ಭದ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಅಂತ ಅದರ ಸಾರ. ನಿಮಗೆ ಇದರಿಂದ ಏನು ಲಾಭ ಅಂದರೆ, ನಿಮ್ಮೊಬ್ಬರನ್ನು ಹೆದರಿಸಿ ಕೇಸು ಮುಗಿಸಬಹುದು ಅನ್ನುವ ಆಸೆ ಆ ಕಡೆಯವರಿಗೆ ಕಡಿಮೆಯಾಗುತ್ತದೆ.

ನಿಮ್ಮ ಕೆಲಸ ನಿಂತುಹೋಗುತ್ತಾ? ನಾನು ಕಂಡಂತೆ ಟ್ರ್ಯಾಪ್ ಆದ ಮೇಲೆ ಫೈಲ್ ಬೇರೆಯವರ ಕೈಗೆ ಹೋಗುತ್ತದೆ, ಹಾಗೆ ಬಂದ ಫೈಲನ್ನು ಹಿಡಿದಿಟ್ಟುಕೊಳ್ಳಲು ಯಾರಿಗೂ ಧೈರ್ಯ ಇರುವುದಿಲ್ಲ. ಬಂಧನದಲ್ಲಿ 48 ಗಂಟೆ ಕಳೆದ ನೌಕರ ನಿಯಮದ ಪ್ರಕಾರ ತಾನಾಗಿಯೇ ಅಮಾನತಾಗುತ್ತಾನೆ. ಮೂಲ ದಾಖಲೆ ವಶವಾಗಿದ್ದರೆ ದೃಢೀಕೃತ ಪ್ರತಿಯ ಮೇಲೆ ಕೆಲಸ ಮುಂದುವರಿಸಿ ಅಂತ ತಹಶೀಲ್ದಾರರಿಗೆ ಒಂದು ಮನವಿ ಕೊಡಿ. ಸ್ವಲ್ಪ ತಡ ಆಗಬಹುದು. ನಿಂತುಹೋಗುವುದಿಲ್ಲ.

ನಿಜವಾದ ಕಷ್ಟಗಳು ಬೇರೆ ಇವೆ. ನಿಮ್ಮ ಹೆಸರು ಗುಟ್ಟಾಗಿ ಉಳಿಯುವುದಿಲ್ಲ. ದೂರುದಾರ ನೀವೇ, ಎಫ್‌ಐಆರ್‌ನಲ್ಲಿ ನಿಮ್ಮ ಹೆಸರೇ ಇರುತ್ತದೆ. ಮಾಹಿತಿದಾರರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯನ್ನು ಜಾರಿಗೇ ತಂದಿಲ್ಲ. ಸಾಕ್ಷಿಗಳ ರಕ್ಷಣೆಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಇದೆ, ಬೆದರಿಕೆ ಬಂದರೆ ಅದರಡಿ ಅರ್ಜಿ ಹಾಕಬಹುದು. ಕಾಯ್ದೆ ಎರಡು ವರ್ಷದಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಿ ಅನ್ನುತ್ತದೆ, ನಡೆಯುವುದು ಅದಕ್ಕಿಂತ ಉದ್ದ. ನೀವು ಬೆಂಗಳೂರಿನಿಂದ ಸಾಕ್ಷಿ ಹೇಳಲು ಹೋಗಬೇಕು, ಹೋದ ದಿನ ಕೇಸು ಮುಂದಕ್ಕೆ ಹೋಗಿರಬಹುದು. ಊರಿನಲ್ಲಿ ರಾಜಿಗೆ ಬರುತ್ತಾರೆ. 'ಮಕ್ಕಳೊಂದಿಗರು, ಬಿಟ್ಟುಬಿಡಿ' ಅನ್ನುತ್ತಾರೆ. ಸಾಮಾನ್ಯವಾಗಿ ಹಾಗೆ ಹೇಳಲು ಬರುವವರು ನಿಮ್ಮ ಸಂಬಂಧಿಕರೇ. ಟ್ರ್ಯಾಪಿಗೆ ಕೊಡುವ 15 ಸಾವಿರವನ್ನು ನೀವೇ ತರಬೇಕಾಗಬಹುದು, ಅದು ಸಾಕ್ಷ್ಯವಾಗಿ ಸೀಲ್ ಆಗುತ್ತದೆ. ವಾಪಸ್ ಸಿಗುವ ಕ್ರಮ ಏನು, ಎಷ್ಟು ದಿನ ಅಂತ ತನಿಖಾಧಿಕಾರಿಯನ್ನು ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ, ಎಲ್ಲರೂ ಕೇಳುತ್ತಾರೆ.

ಇಷ್ಟೆಲ್ಲ ಹೊರಲು ನಿಮಗೆ ಆಗುವುದಿಲ್ಲ ಅನ್ನಿಸಿದರೆ ಎರಡನೇ ದಾರಿಯನ್ನೇ ಗಟ್ಟಿಯಾಗಿ ಹಿಡಿಯಿರಿ. ಅದು ಹೇಡಿತನ ಅಲ್ಲ. ದೂರು ಕೊಟ್ಟು ಅರ್ಧದಲ್ಲಿ ತಿರುಗುವುದಕ್ಕಿಂತ ದೂರು ಕೊಡದೆ ಇರುವುದು ಎಷ್ಟೋ ಮೇಲು. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದಕ್ಕೇ ಬೇರೆ ಕೇಸು ಬೀಳಬಹುದು. ನನ್ನನ್ನು ಕೇಳಿದರೆ, ನಿಮ್ಮ ಸ್ಥಿತಿಯಲ್ಲಿ ಮೊದಲು ಎಲ್ಲ ವಾರಸುದಾರರ ಹೆಸರಿನ ಅರ್ಜಿ ಸರಿಯಾಗಿ ಸಲ್ಲಿಸಿ ಚೀಟಿ ಕೈಗೆ ತೆಗೆದುಕೊಳ್ಳಿ. ಆಮೇಲೂ ಬೇಡಿಕೆ ಬಂದರೆ, ಅದೂ ಅಧಿಕಾರಿಯ ಬಾಯಿಂದಲೇ ಬಂದರೆ, ಅವತ್ತೇ ಠಾಣೆಗೆ ಹೋಗಿ. ಆಗ ನಿಮ್ಮ ಕಾಗದವೂ ಚೊಕ್ಕ, ನೀವೂ ಚೊಕ್ಕ. ಹೋಗುವ ಮೊದಲು ಕ್ರಿಮಿನಲ್ ಕೇಸು ನಡೆಸುವ ಒಬ್ಬ ವಕೀಲರಿಗೆ ಆ 10 ಸಾವಿರದ ಕಥೆ ಪೂರ್ತಿ ಹೇಳಿ, ದೂರಿನ ಕರಡು ತೋರಿಸಿ.

ಫೋನಿನಲ್ಲಿ ಅಂಗಡಿಯವನ ಮಾತು ರೆಕಾರ್ಡ್ ಆಗಿದ್ದರೆ ಅದನ್ನು ಕತ್ತರಿಸಬೇಡಿ, ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಕಳಿಸಬೇಡಿ. ಆ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ. ಕೋರ್ಟಿಗೆ ಮೂಲ ಫೋನು ಬೇಕಾಗಬಹುದು, ಅದರ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಹಳೆಯ ಕಾಯ್ದೆಯಲ್ಲಿ 65ಬಿ ಅಂತ ಕರೆಯುತ್ತಿದ್ದದ್ದು ಇದೇ. ಫೋನ್‌ಪೇ ಪಾವತಿಯ ವಿವರವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ತೆಗೆದಿಟ್ಟುಕೊಳ್ಳಿ.

ಇನ್ನು ಆ 10 ಸಾವಿರ ವಾಪಸ್ ಕೇಳಬಹುದಾ ಅಂದಿರಿ. ಈಗ ಕೇಳಬೇಡಿ. ಕೇಳಿದ ತಕ್ಷಣ ಅವನು ಎಚ್ಚರವಾಗುತ್ತಾನೆ, ಅಧಿಕಾರಿಗೂ ಸುದ್ದಿ ಮುಟ್ಟುತ್ತದೆ. ದುಡ್ಡು ಮರಳಿಸಿ 'ಅದು ಕೈಸಾಲ, ತೀರಿಸಿದೆ' ಅಂತ ಮುಂದೆ ಹೇಳಿಕೊಳ್ಳಲು ಅವನಿಗೆ ಅನುಕೂಲವೂ ಆಗುತ್ತದೆ. ಅವನಾಗಿಯೇ ಫೋನ್ ಮಾಡಿದರೆ 'ರಜೆ ಸಿಕ್ಕಿಲ್ಲ, ಬಂದಾಗ ನೋಡೋಣ' ಅಂತ ಅಷ್ಟೇ ಹೇಳಿ. ಅಫಿಡವಿಟ್ ಕಳಿಸಿಕೊಡು ಅಂದರೆ ಕಳಿಸಲಿ, ಸಹಿ ಹಾಕದೆ ಹಾಗೇ ಇಟ್ಟುಕೊಳ್ಳಿ.